ಮೂರನೇ ಸ್ಕ್ಯಾನ್‌ನಿಂದ ಶುರುವಾಗುವ ಲೆಕ್ಕ

ಓಸಿಟಿ ಎಂಬ ಕಣ್ಣಿನ ಸ್ಕ್ಯಾನ್ ಮುಗಿದು ಗಲ್ಲ ಎತ್ತಿದ ತಕ್ಷಣ ಬರುವ ಪ್ರಶ್ನೆ ಒಂದೇ: "ಹಸಿರು ಬಂತಾ, ಕೆಂಪು ಬಂತಾ?" ಸ್ವಲ್ಪ ತಡೆದು, ದನಿ ತಗ್ಗಿಸಿ ಕೇಳುವುದು ಇನ್ನೊಂದು: "ಇನ್ನೆಷ್ಟು ವರ್ಷ ಕಣ್ಣು ಕಾಣುತ್ತೆ?" ಮೊದಲನೆಯದಕ್ಕೆ ಯಂತ್ರವೇ ಬಣ್ಣ ಹಚ್ಚಿ ಉತ್ತರ ಮುದ್ರಿಸಿ ಕೊಡುತ್ತದೆ. ಎರಡನೆಯದಕ್ಕೂ ಉತ್ತರ ಇದೆ, ಆದರೆ ಅದಕ್ಕೆ ಇದೇ ಯಂತ್ರದ ಮುಂದೆ ಇನ್ನೂ ಕೆಲವು ಸಲ ಬಂದು ಕೂರಬೇಕು. ಬಾವಿಯ ನೀರನ್ನು ಒಂದು ದಿನ ಅಳೆದು, ಬೇಸಿಗೆಗೆ ಬತ್ತುತ್ತದೋ ಇಲ್ಲವೋ ಹೇಳಲಾಗುವುದಿಲ್ಲ. ಗ್ಲಾಕೋಮಾದ ಚಿತ್ರವೂ ಹಾಗೇ. ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಬೇಗ ಇಳಿಯುತ್ತಿದೆ ಎನ್ನುವುದೇ ಮುಂದಿನ ದಾರಿ ಹೇಳುವುದು.

ಸ್ಕ್ಯಾನ್ ಕೋಣೆಯಲ್ಲಿ ಕೆಲಸ ಮಾಡುವ ನಾವು ಆ ಇಳಿತವನ್ನು ಹೇಗೆ ಹಿಡಿಯುತ್ತೇವೆ, ಎಲ್ಲೆಲ್ಲಿ ಲೆಕ್ಕ ತಪ್ಪುತ್ತದೆ ಎನ್ನುವುದನ್ನು ಇಲ್ಲಿ ಹೇಳುತ್ತೇವೆ. ರೋಗಿಗಳಿಗೂ ಅವರನ್ನು ಕರೆತರುವ ಮಕ್ಕಳಿಗೂ ಇದು ತಿಳಿದಿದ್ದರೆ ನಮ್ಮ ಕೆಲಸ ಅರ್ಧ ಸಲೀಸು.

ಗ್ಲಾಕೋಮಾ ಎಂದರೆ ಕಣ್ಣಿನಿಂದ ಮೆದುಳಿಗೆ ಹೋಗುವ ನರ ನಿಧಾನವಾಗಿ ಸವೆಯುವುದು. ಆ ನರದಲ್ಲಿ ಸುಮಾರು ಹತ್ತು ಲಕ್ಷಕ್ಕೂ ಹೆಚ್ಚು ತಂತುಗಳಿವೆ. ಹೋದ ತಂತು ಮತ್ತೆ ಹುಟ್ಟುವುದಿಲ್ಲ. ನೋವಿಲ್ಲ, ಕೆಂಪಾಗುವುದಿಲ್ಲ, ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಬಹುದು. ಚುಕ್ಕಿ ಕಂಡಾಗ ಗುಂಡಿ ಒತ್ತಿಸಿ ನೋಟದ ಹರವು ಅಳೆಯುವ ಫೀಲ್ಡ್ ಟೆಸ್ಟಿನಲ್ಲಿ ದೋಷ ಖಚಿತವಾಗಿ ಕಾಣಿಸುವ ಹೊತ್ತಿಗೆ, ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದಲ್ಲಿ ಈ ತಂತುಗಳಿಗೆ ಮೂಲವಾದ ಗ್ಯಾಂಗ್ಲಿಯನ್ ಕೋಶಗಳಲ್ಲಿ ಶೇ. 25ರಿಂದ 35ರಷ್ಟು ಹೋಗಿರುತ್ತವೆ ಎಂದು ಮರಣಾನಂತರ ಕಣ್ಣುಗಳನ್ನು ಪರೀಕ್ಷಿಸಿ ಲೆಕ್ಕ ಹಾಕಿದ್ದಾರೆ. ಅದಕ್ಕೇ ದೃಷ್ಟಿ ಹೋಗುವ ಮೊದಲೇ ನರವನ್ನು ಅಳೆಯುವ ಉಪಾಯ ಬೇಕಾಯಿತು.

1991ರಲ್ಲಿ ಅಮೆರಿಕದ ಎಂಐಟಿಯ ತಂಡ ಪ್ರಕಟಿಸಿದ ಓಸಿಟಿ ಆ ಉಪಾಯ. ಅಲ್ಟ್ರಾಸೌಂಡ್ ಶಬ್ದದಿಂದ ಮಾಡುವುದನ್ನು ಇದು ಬೆಳಕಿನಿಂದ ಮಾಡುತ್ತದೆ. ಕಣ್ಣಿಗೆ ಬಿಟ್ಟ ಅವಕೆಂಪು ಬೆಳಕು ಬೇರೆ ಬೇರೆ ಪದರಗಳಿಂದ ಹಿಂದಿರುಗುವುದನ್ನು ಹೋಲಿಕೆಯ ಇನ್ನೊಂದು ಕಿರಣದ ಜೊತೆ ಬೆರೆಸಿ, ಯಾವ ಪದರ ಎಷ್ಟು ಆಳದಲ್ಲಿದೆ ಎಂದು ತಿಳಿಯುತ್ತದೆ. ಹಳೆಯ ಸ್ಟ್ರಾಟಸ್ ಯಂತ್ರ ಸೆಕೆಂಡಿಗೆ 400 ಬಿಂದುಗಳ ಆಳ ಓದುತ್ತಿತ್ತು. ಅದರ ನಂತರದ ಸಿರಸ್ ಯಂತ್ರ ಬಂದಾಗ ಅದು 27,000ಕ್ಕೆ ಏರಿತು. ಆಳದಲ್ಲಿ ಸುಮಾರು 5 ಮೈಕ್ರಾನ್ ಅಂತರವನ್ನು ಬೇರೆ ಮಾಡಿ ತೋರಿಸುತ್ತದೆ. ನಾವು ಅಳೆಯುವ ನರತಂತು ಪದರದ ಸರಾಸರಿ ದಪ್ಪ ಆರೋಗ್ಯವಂತರಲ್ಲಿ 90 ಮೈಕ್ರಾನ್ ಆಸುಪಾಸು, ಅಂದರೆ ಒಂದು ತಲೆಗೂದಲಿನಷ್ಟು. ಆ ಕೂದಲು ವರ್ಷಕ್ಕೆ ಒಂದೆರಡು ಮೈಕ್ರಾನ್ ಸವೆಯುತ್ತಿದೆಯೇ ಎಂದು ಹುಡುಕುವುದು ನಮ್ಮ ಕೆಲಸ.

ಮೊದಲ ಎಡವಟ್ಟು ಯಂತ್ರಕ್ಕೆ ಬರುವ ಮೊದಲೇ ಆಗುತ್ತದೆ. ಒಂದೇ ದಿನ ಎಲ್ಲ ಪರೀಕ್ಷೆ ಮುಗಿಸಿಕೊಂಡು ಊರಿಗೆ ಬಸ್ಸು ಹಿಡಿಯಬೇಕು ಎನ್ನುವವರೇ ಹೆಚ್ಚು. ಆಗ ಯಾವ ಕೋಣೆ ಖಾಲಿ ಇದೆಯೋ ಅಲ್ಲಿಗೆ ಕಳಿಸುತ್ತಾರೆ. ಆದರೆ ಸರದಿ ಮುಖ್ಯ. ಮೊದಲು ಕನ್ನಡಕದ ನಂಬರು, ಆಮೇಲೆ ಫೀಲ್ಡ್ ಟೆಸ್ಟ್, ಆಮೇಲೆ ಓಸಿಟಿ, ಆಮೇಲೆ ಕಣ್ಣಿನೊಳಗಿನ ಒತ್ತಡ ಅಳೆಯುವುದು, ಆಮೇಲೆ ಕಣ್ಣಿನೊಳಗಿನ ನೀರು ಹೊರಹೋಗುವ ಕೋನ ನೋಡುವ ಗೋನಿಯೋಸ್ಕೋಪಿ, ಎಲ್ಲಕ್ಕಿಂತ ಕೊನೆಗೆ ಪಾಪೆ ಹಿಗ್ಗಿಸುವ ಹನಿ ಮತ್ತು ಡಿಸ್ಕ್ (ನರ ಕಣ್ಣಿನಿಂದ ಹೊರಡುವ ಜಾಗ) ಫೋಟೋ. ಗೋನಿಯೋಸ್ಕೋಪಿಯ ಲೆನ್ಸನ್ನು ಜೆಲ್ ಹಚ್ಚಿ, ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲಿಟ್ಟಿದ್ದರೆ, ಅದರ ಹಿಂದೆಯೇ ತೆಗೆದ ಓಸಿಟಿ ಮಂಜು ಹಿಡಿದ ಗಾಜಿನಲ್ಲಿ ನೋಡಿದಂತೆ ಬರುತ್ತದೆ. ಮರಗಟ್ಟಿಸುವ ಹನಿ ಹಾಕಿ ಅರ್ಧ ಗಂಟೆ ಹೊರಗೆ ಕೂರಿಸಿದರೂ ಕಾರ್ನಿಯಾ ಒಣಗಿ ಅದೇ ಗತಿ. ಹನಿ ಹಾಕಿ ಪಾಪೆ ಹಿಗ್ಗಿದ ಮೇಲೆ ಫೀಲ್ಡ್ ಟೆಸ್ಟ್ ಮಾಡಿದರೆ ಆ ವರದಿಯನ್ನು ಹಿಂದಿನದರ ಪಕ್ಕ ಇಟ್ಟು ನೋಡುವ ಹಾಗೇ ಇಲ್ಲ. ಇನ್ನೊಂದು ಕಾರಣವೂ ಇದೆ. ನಮ್ಮ ಜನರಲ್ಲಿ ಕೋನ ಕಿರಿದಾಗಿರುವ ಗ್ಲಾಕೋಮಾ ಕಡಿಮೆಯೇನಲ್ಲ. ಕೋನ ನೋಡದೆ ಪಾಪೆ ಹಿಗ್ಗಿಸಿದರೆ ಒತ್ತಡ ದಿಢೀರನೆ ಏರಬಹುದು.

ಪಾಪೆ 3 ಮಿಲಿಮೀಟರ್ ಇದ್ದರೆ ಸಾಮಾನ್ಯವಾಗಿ ಹನಿ ಹಾಕದೆಯೇ ಓಸಿಟಿ ಬರುತ್ತದೆ. ಪಾಪೆ ಕಿರಿದಾಗಿಸುವ ಪೈಲೋಕಾರ್ಪಿನ್ ಹನಿ ಹಾಕುವವರಲ್ಲಿ, ವಯಸ್ಸಾಗಿ ಪಾಪೆ ಚಿಕ್ಕದಾದವರಲ್ಲಿ ಬರುವುದಿಲ್ಲ. ಮೊದಲ ಸಲ ಹಿಗ್ಗಿಸಿ ತೆಗೆದಿದ್ದರೆ ಮುಂದೆಯೂ ಹಿಗ್ಗಿಸಿಯೇ ತೆಗೆಯುವುದು ವಾಸಿ. ಏನು ಮಾಡಿದೆವು ಎಂದು ಫೈಲಿನಲ್ಲಿ ಒಂದು ಸಾಲು ಬರೆದಿಟ್ಟರೆ ಮುಂದಿನವರು ಊಹಿಸುತ್ತಾ ಕೂರಬೇಕಿಲ್ಲ.

ಇನ್ನು ಹೆಸರಿನ ತಾಪತ್ರಯ. ಲಕ್ಷ್ಮಮ್ಮ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಕನಿಷ್ಠ ನಾಲ್ಕು ಬಗೆಯಲ್ಲಿ ಬರೆಯಬಹುದು. ಬೆಳಗ್ಗೆಯ ಪಾಳಿಯವರು ಒಂದು ಬಗೆ, ಆರು ತಿಂಗಳ ನಂತರ ಇನ್ನೊಬ್ಬರು ಇನ್ನೊಂದು ಬಗೆ ಬರೆದರೆ ಯಂತ್ರದ ಪಾಲಿಗೆ ಇಬ್ಬರು ಲಕ್ಷ್ಮಮ್ಮಂದಿರು. ಹಳೆಯ ಸ್ಕ್ಯಾನ್ ಒಬ್ಬರದು, ಹೊಸದು ಇನ್ನೊಬ್ಬರದು. ಹೋಲಿಕೆಯ ಗ್ರಾಫ್ ಹುಟ್ಟುವುದೇ ಇಲ್ಲ. ಆಸ್ಪತ್ರೆಯ ನೋಂದಣಿ ಸಂಖ್ಯೆಯಿಂದಲೇ ಹುಡುಕಬೇಕು ಎನ್ನುವುದು ಇದಕ್ಕೆ. ಹುಟ್ಟಿದ ದಿನಾಂಕ ಗೊತ್ತಿಲ್ಲ ಎಂದು ಸುಮ್ಮನೆ ಜನವರಿ 1 ಎಂದು ತುಂಬಿಸುವುದು ನಡೆದೇ ಇದೆ. ತಿಂಗಳು ತಪ್ಪಿದರೆ ಏನೂ ಆಗದು. ವರ್ಷ ಹತ್ತು ಹಿಂದೆ ಮುಂದೆ ಆದರೆ ಹಸಿರು ಹಳದಿಯಾಗುತ್ತದೆ, ಏಕೆಂದರೆ ಬಣ್ಣ ಹಚ್ಚುವುದು ವಯಸ್ಸಿಗೆ ತಕ್ಕಂತೆ.

ಈಗ ಕುರ್ಚಿ. ಬೆನ್ನು ಬಗ್ಗಿಸಿ ಕತ್ತು ಚಾಚಿ ಕೂತವರು ಹತ್ತು ಸೆಕೆಂಡಿನಲ್ಲಿ ಅಲುಗಾಡುತ್ತಾರೆ. ಮೇಜನ್ನೇ ಅವರ ಎತ್ತರಕ್ಕೆ ತರಬೇಕು. "ಗಲ್ಲ ಇಲ್ಲಿಡಿ ಅಮ್ಮಾ. ಹಣೆ ಪಟ್ಟಿಗೆ ಒತ್ತಿ. ಹಾಂ, ಬಾಯಿ ಮುಚ್ಚಿ, ಹಲ್ಲು ಕಚ್ಚಿ. ಒಳಗೆ ಹಸಿರು ಗುರುತು ಕಾಣುತ್ತಾ? ಅದನ್ನೇ ನೋಡ್ತಿರಿ. ಕೆಂಪು ಗೆರೆ ಒಂದು ಓಡುತ್ತೆ, ಅದರ ಹಿಂದೆ ಹೋಗಬೇಡಿ." ಈ ಕೊನೆಯ ಮಾತು ಹೇಳದಿದ್ದರೆ ಹೆಚ್ಚಿನವರು ಗೆರೆಯ ಹಿಂದೆ ಹೋಗಿಯೇ ಹೋಗುತ್ತಾರೆ. ಪರದೆಯಲ್ಲಿ ನರದ ಡಿಸ್ಕನ್ನು ವೃತ್ತದ ನಡುವಿಗೆ ತಂದು, "ಎರಡು ಸಲ ಮಿಟುಕಿಸಿ... ದೊಡ್ಡದಾಗಿ ಬಿಡಿ..." ಎಂದು ಹೇಳಿ ಗುಂಡಿ ಒತ್ತುತ್ತೇವೆ. 6 ಮಿಲಿಮೀಟರ್ ಉದ್ದ, 6 ಮಿಲಿಮೀಟರ್ ಅಗಲದ ಚೌಕದಲ್ಲಿ 200 ಸಾಲು, ಸಾಲಿಗೆ 200 ಬಿಂದು, ಒಟ್ಟು 40,000. ಸೆಕೆಂಡಿಗೆ 27,000ದಂತೆ ಇದಕ್ಕೆ ಒಂದೂವರೆ ಸೆಕೆಂಡು ಸಾಕು. ಆ ಒಂದೂವರೆ ಸೆಕೆಂಡಿಗಾಗಿ ಐದು ನಿಮಿಷದ ತಯಾರಿ.

ಮಿಟುಕಿಸಿ ಎನ್ನುವುದು ಸುಮ್ಮನೆ ಅಲ್ಲ. ಕಣ್ಣೀರಿನ ತೆಳು ಪೊರೆ ಹರಡಿದ ತಕ್ಷಣದ ಕೆಲವು ಸೆಕೆಂಡು ಕಾರ್ನಿಯಾ ಕನ್ನಡಿಯಂತಿರುತ್ತದೆ. ಗ್ಲಾಕೋಮಾದ ಹನಿಗಳನ್ನು ವರ್ಷಗಟ್ಟಲೆ ಹಾಕಿದವರಲ್ಲಿ, ಅದರಲ್ಲಿನ ಪ್ರಿಸರ್ವೇಟಿವ್‌ನಿಂದಾಗಿ ಕಣ್ಣು ಒಣಗಿರುತ್ತದೆ. ಕಾಯಿಲೆ ಹಳೆಯದಾದಷ್ಟೂ ಚಿತ್ರ ತೆಗೆಯುವುದು ಕಷ್ಟವಾಗುವುದು ಹೀಗೆ. ಸಿಗ್ನಲ್, ಅಂದರೆ ಚಿತ್ರ ಎಷ್ಟು ಚೆನ್ನಾಗಿ ಬಂದಿದೆ ಎನ್ನುವ ಅಂಕ, ಕಡಿಮೆ ಬಂದರೆ ಮೊದಲು ಯಂತ್ರದ ಲೆನ್ಸ್ ಒರೆಸಿ ನೋಡಿ, ಯಾರದೋ ರೆಪ್ಪೆ ತಾಗಿ ಎಣ್ಣೆ ಅಂಟಿರುತ್ತದೆ. ಆಮೇಲೆ ಕೃತಕ ಕಣ್ಣೀರಿನ ಒಂದು ಹನಿ ಹಾಕಿ ಎರಡು ನಿಮಿಷ ಬಿಟ್ಟು ಮತ್ತೆ ತೆಗೆಯಿರಿ. ಆಗಲೂ ಬಾರದಿದ್ದರೆ ಪಾಪೆ ಹಿಗ್ಗಿಸುವ ಮಾತು.

ಸ್ಕ್ಯಾನ್ ಆದ ಕೂಡಲೇ ರೋಗಿಯನ್ನು ಎಬ್ಬಿಸಬಾರದು. ಉಳಿಸುವ ಮೊದಲು ನೋಡಬೇಕಾದ್ದು ನಾಲ್ಕಾರು ಇವೆ. ಸಿಗ್ನಲ್ ಹತ್ತಕ್ಕೆ ಆರಾದರೂ ಇರಬೇಕು ಎಂದು ಕಂಪನಿ ಹೇಳುತ್ತದೆ. ಮುಂದೆ ಹೋಲಿಕೆಗೆ ಬಳಸುವ ಚಿತ್ರವಾದರೆ ನಾವು ಎಂಟಕ್ಕಿಂತ ಕೆಳಗೆ ಒಪ್ಪಲು ಹಿಂಜರಿಯುತ್ತೇವೆ. ಕಣ್ಣು ಜಾರಿದ್ದರೆ ಮೇಲಿನಿಂದ ನೋಡಿದ ಚಿತ್ರದಲ್ಲಿ ರಕ್ತನಾಳ ಒಡೆದ ಬಳೆಯ ತುಂಡುಗಳಂತೆ ಪಕ್ಕಕ್ಕೆ ಸರಿದಿರುತ್ತದೆ. ಮಿಟುಕಿಸಿದ್ದರೆ ಅಡ್ಡಲಾಗಿ ಕಪ್ಪು ಪಟ್ಟಿ. ಮೈನಸ್ ನಂಬರು ಹೆಚ್ಚಿರುವವರಲ್ಲಿ ರೆಟಿನಾ ಬಟ್ಟಲಿನಂತೆ ಬಾಗಿ, ಚಿತ್ರದ ಅಂಚು ಮೇಲ್ಗಡೆ ಕತ್ತರಿಸಿ ಹೋಗಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಪದರ ಗುರುತಿಸುವ ಗೆರೆ. ನರತಂತು ಪದರದ ಮೇಲಂಚಿಗೆ ಒಂದು, ಕೆಳಂಚಿಗೆ ಒಂದು ಗೆರೆಯನ್ನು ಯಂತ್ರ ತಾನೇ ಎಳೆಯುತ್ತದೆ. ಕಣ್ಣಿನೊಳಗಿನ ವಿಟ್ರಿಯಸ್ ಎಂಬ ಲೋಳೆಯಲ್ಲಿ ತೇಲುವ ಚೂರಿನ ನೆರಳು ಬಿದ್ದಲ್ಲಿ ಎರಡೂ ಗೆರೆ ಒಂದರ ಮೇಲೊಂದು ಕೂತು, ದಪ್ಪ ಸೊನ್ನೆ ಎಂದು ದಾಖಲಾಗುತ್ತದೆ. ದೃಷ್ಟಿ ಪೂರ್ತಿ ಹೋದ ಕಣ್ಣಿನಲ್ಲೂ ಆ ಪದರ ಸೊನ್ನೆಗೆ ಇಳಿಯುವುದಿಲ್ಲ. ಆದ್ದರಿಂದ ಗ್ರಾಫ್ ನೆಲ ಮುಟ್ಟಿದ್ದರೆ ಅದು ಕಾಯಿಲೆಯಲ್ಲ, ಗೆರೆಯ ತಪ್ಪು. ರೆಟಿನಾದ ಮೇಲೆ ತೆಳು ಪೊರೆ ಬೆಳೆದವರಲ್ಲಿ ಇದರ ತದ್ವಿರುದ್ಧ: ಯಂತ್ರ ಪೊರೆಯನ್ನೂ ಸೇರಿಸಿ ಅಳೆದು 110 ಮೈಕ್ರಾನ್, ಹಸಿರು, ಎಲ್ಲ ಸರಿ ಎಂದುಬಿಡುತ್ತದೆ. ಕೆಳಗೆ ನರ ಸವೆಯುತ್ತಲೇ ಇರುತ್ತದೆ.

ಇಷ್ಟೆಲ್ಲ ದಾಟಿದ ಮೇಲೆ ವರದಿ. ಡಿಸ್ಕಿನ ಸುತ್ತ 3.46 ಮಿಲಿಮೀಟರ್ ವ್ಯಾಸದ ವೃತ್ತ ಎಳೆದು ಅದರುದ್ದಕ್ಕೂ ದಪ್ಪ ಎಷ್ಟು ಎಂದು ಸಿರಸ್ ಲೆಕ್ಕ ಹಾಕುತ್ತದೆ. ವೃತ್ತವನ್ನು ಬಿಡಿಸಿ ಹಾಸಿದರೆ ಎರಡು ಡುಬ್ಬದ ಗೆರೆ ಬರುತ್ತದೆ. ತಂತುಗಳು ದಟ್ಟವಾಗಿರುವ ಮೇಲ್ಭಾಗ ಒಂದು ಡುಬ್ಬ, ಕೆಳಭಾಗ ಇನ್ನೊಂದು. ಗ್ಲಾಕೋಮಾ ಮೊದಲು ಕಚ್ಚುವುದು ಈ ಡುಬ್ಬಗಳನ್ನೇ, ಅದರಲ್ಲೂ ಕೆಳಗಿನದನ್ನು. ಬಲಗಣ್ಣಿನ ಡಿಸ್ಕನ್ನು ಗಡಿಯಾರ ಎಂದುಕೊಂಡರೆ ಏಳು ಗಂಟೆಯ ಜಾಗ ಅದು. ಇದರ ಜೊತೆಗೆ ರೆಟಿನಾದ ನಡುಭಾಗದ ಗ್ಯಾಂಗ್ಲಿಯನ್ ಕೋಶಗಳ ಪದರವನ್ನೂ ಬೇರೆ ಸ್ಕ್ಯಾನಿನಲ್ಲಿ ಅಳೆಯುತ್ತೇವೆ. ಕಣ್ಣಿನ ಅರ್ಧದಷ್ಟು ಗ್ಯಾಂಗ್ಲಿಯನ್ ಕೋಶಗಳಿರುವುದು ಆ ಸಣ್ಣ ಜಾಗದಲ್ಲಿ. ಡಿಸ್ಕಿನ ಸ್ಕ್ಯಾನ್ ಮಾತ್ರ ಮಾಡಿ ಕಳಿಸಿದರೆ ಅರ್ಧ ಮನೆ ನೋಡಿ ಬಾಗಿಲು ಹಾಕಿದಂತೆ.

ಬಣ್ಣದ ವಿಷಯ. ಅದೇ ವಯಸ್ಸಿನ ನೂರು ಆರೋಗ್ಯವಂತರನ್ನು ತೆಳುವಿನಿಂದ ದಪ್ಪಕ್ಕೆ ಸಾಲಾಗಿ ನಿಲ್ಲಿಸಿದರೆ ಮೊದಲ ಒಬ್ಬರ ಜಾಗ ಕೆಂಪು, ಐದರವರೆಗೆ ಹಳದಿ, ಆಮೇಲೆ ಹಸಿರು. ಅಂದರೆ ಪೂರ್ತಿ ಆರೋಗ್ಯವಂತರಲ್ಲೇ ನೂರಕ್ಕೆ ಐದು ಮಂದಿಗೆ ಹಳದಿಯೋ ಕೆಂಪೋ ಬಂದೇ ಬರುತ್ತದೆ. ಆ ನೂರು ಮಂದಿ ಯಾರು ಎನ್ನುವುದು ಇನ್ನೊಂದು ತೊಡಕು. ಸಿರಸ್‌ನ ಹೋಲಿಕೆಯ ಪಟ್ಟಿಯಲ್ಲಿರುವುದು 284 ಜನ, ಅವರಲ್ಲಿ ಭಾರತೀಯ ಮೂಲದವರು ಬೆರಳೆಣಿಕೆಯಷ್ಟು. ಇನ್ನೊಂದು ಕಂಪನಿಯ ಸ್ಪೆಕ್ಟ್ರಾಲಿಸ್ ಯಂತ್ರದ ಮೊದಲ ಪಟ್ಟಿ 201 ಜನರದು, ಎಲ್ಲರೂ ಯುರೋಪಿಯನ್ ಮೂಲದವರು. ಮೈನಸ್ 8 ನಂಬರಿನ ಇಪ್ಪತ್ತೆರಡರ ಹುಡುಗಿಯ ಉದ್ದನೆಯ ಕಣ್ಣಿನಲ್ಲಿ ಆ ವೃತ್ತ ಡಿಸ್ಕಿನಿಂದ ದೂರ ಬೀಳುತ್ತದೆ, ದೂರ ಹೋದಷ್ಟೂ ಪದರ ತೆಳು. ಡುಬ್ಬಗಳೂ ಕಿವಿಯ ಕಡೆಗೆ ಸರಿದಿರುತ್ತವೆ. ವರದಿ ತುಂಬ ಕೆಂಪು, ಕಣ್ಣಿಗೆ ಏನೂ ಆಗಿರುವುದಿಲ್ಲ. ಇದಕ್ಕೆ ನಮ್ಮವರು 'ಕೆಂಪು ಕಾಯಿಲೆ' ಎಂದೇ ಹೆಸರಿಟ್ಟಿದ್ದಾರೆ. ಇದರ ಎದುರಿಗೆ 'ಹಸಿರು ಕಾಯಿಲೆ'ಯೂ ಇದೆ: 112 ಮೈಕ್ರಾನ್ ದಪ್ಪದೊಂದಿಗೆ ಹುಟ್ಟಿದವರು 92ಕ್ಕೆ ಇಳಿದರೂ ಬಣ್ಣ ಹಸಿರೇ.

ಅದಕ್ಕೇ ಬೇರೆಯವರ ಜೊತೆ ಹೋಲಿಸುವುದಕ್ಕಿಂತ ಆ ಕಣ್ಣನ್ನು ಅದರ ಜೊತೆಗೇ ಹೋಲಿಸುವುದು ಮೇಲು. ಸಿರಸ್‌ನ ಹೋಲಿಕೆಯ ತಂತ್ರಾಂಶ ಮೊದಲ ಎರಡು ಸ್ಕ್ಯಾನ್‌ಗಳನ್ನು ಬುನಾದಿ ಎಂದು ಹಿಡಿಯುತ್ತದೆ. ಮೂರನೆಯದರಲ್ಲಿ ಅಳತೆಯ ಏರುಪೇರಿಗೂ ಮೀರಿ ಇಳಿತ ಕಂಡರೆ 'ಇರಬಹುದು' ಎನ್ನುತ್ತದೆ, ಅದರ ಮುಂದಿನದರಲ್ಲೂ ಅದೇ ಕಂಡರೆ 'ಬಹುಮಟ್ಟಿಗೆ ಹೌದು' ಎನ್ನುತ್ತದೆ. ಬುನಾದಿಯ ಎರಡು ಚಿತ್ರಗಳಲ್ಲಿ ಒಂದು ಕೆಟ್ಟದಾಗಿದ್ದರೂ ಮುಂದಿನ ಹತ್ತು ವರ್ಷದ ಲೆಕ್ಕ ಅದರ ಮೇಲೆ ಕೂರುತ್ತದೆ. ಗಡಿಬಿಡಿಯಲ್ಲಿ ತೆಗೆದ ಮೊದಲ ಸ್ಕ್ಯಾನನ್ನೇ ಬುನಾದಿಯಾಗಿ ಉಳಿಸಿಕೊಂಡ ಫೈಲುಗಳು ಎಷ್ಟೋ. ತಂತ್ರಾಂಶದಲ್ಲಿ ಬುನಾದಿ ಬದಲಿಸಲು ಬರುತ್ತದೆ, ಬದಲಿಸುವ ತಾಳ್ಮೆ ಬೇಕು ಅಷ್ಟೇ.

ಏರುಪೇರು ಎಷ್ಟು? ಒಂದೇ ಕಣ್ಣನ್ನು ಬೇರೆ ಬೇರೆ ದಿನ ಅಳೆದರೂ ಸರಾಸರಿ ದಪ್ಪ 4 ಮೈಕ್ರಾನ್‌ವರೆಗೆ ಆಚೀಚೆ ಆಗುತ್ತದೆ. ಗ್ಲಾಕೋಮಾ ಇಳಿಸುವುದು ವರ್ಷಕ್ಕೆ ಒಂದೆರಡು. ಬರೀ ವಯಸ್ಸಿಗೇ ವರ್ಷಕ್ಕೆ ಸುಮಾರು ಅರ್ಧ ಮೈಕ್ರಾನ್ ಹೋಗುತ್ತದೆ. ಗದ್ದಲದೊಳಗೆ ಪಿಸುಮಾತು ಕೇಳಿಸಿಕೊಳ್ಳುವ ಕೆಲಸ ಇದು.

ಲೆಕ್ಕಕ್ಕೆ ಒಂದು ಬಲಗಣ್ಣು ತೆಗೆದುಕೊಳ್ಳೋಣ. ಮೊದಲೆರಡು ಸ್ಕ್ಯಾನ್ ಹದಿನೈದು ದಿನದ ಅಂತರದಲ್ಲಿ: 84, 83. ಆರು ತಿಂಗಳ ನಂತರ 78. ಐದು ಮೈಕ್ರಾನ್ ಹೋಯಿತು ಎಂದು ಗಾಬರಿಯಾಗುವ ಮೊದಲು ಮೂಲೆಯಲ್ಲಿರುವ ಸಿಗ್ನಲ್ ನೋಡಿ: ಹಿಂದೆ 8 ಇದ್ದದ್ದು ಈಗ 6. ಕೃತಕ ಕಣ್ಣೀರಿನ ಹನಿ ಹಾಕಿ ಮತ್ತೆ ತೆಗೆದರೆ ಸಿಗ್ನಲ್ 8, ದಪ್ಪ 82. ಸಿಗ್ನಲ್ ಇಳಿದರೆ ದಪ್ಪವೂ ಇಳಿದಂತೆ ತೋರುತ್ತದೆ. ಮುಂದೆ ಆರಾರು ತಿಂಗಳಿಗೆ 82, 80, 79, 78. ಈಗ ಎರಡೂವರೆ ವರ್ಷದ ಬಿಂದುಗಳ ನಡುವೆ ಗೆರೆ ಎಳೆದರೆ ವರ್ಷಕ್ಕೆ 2 ಮೈಕ್ರಾನ್‌ಗಿಂತ ತುಸು ಹೆಚ್ಚಿನ ಇಳಿಜಾರು. ಒಂದರ ಹಿಂದೊಂದು ತೆಗೆದ ಯಾವ ಎರಡು ಸ್ಕ್ಯಾನ್ ಪಕ್ಕ ಪಕ್ಕ ಇಟ್ಟರೂ ಏನೂ ಆಗಿಲ್ಲ ಎಂದೇ ಕಾಣುತ್ತದೆ. ಗೆರೆ ಎಳೆದಾಗ ಮಾತ್ರ ಗೊತ್ತಾಗುತ್ತದೆ.

ಇಲ್ಲಿಗೆ ಮುಗಿಯಲಿಲ್ಲ. ಸರಾಸರಿ ಎನ್ನುವುದು ಮುಚ್ಚಿಡುವುದರಲ್ಲಿ ಗಟ್ಟಿಗ. ಇದೇ ಕಣ್ಣಿನಲ್ಲಿ ಏಳು ಗಂಟೆಯ ಭಾಗ 118ರಿಂದ 92ಕ್ಕೆ ಇಳಿದು, ಉಳಿದ ಹನ್ನೊಂದು ಭಾಗ ತಲಾ ನಾಲ್ಕು ಮೈಕ್ರಾನ್ ಆಸುಪಾಸು ಮಾತ್ರ ಇಳಿದಿರಬಹುದು. ಸರಾಸರಿ ಸವೆತಕ್ಕಿಂತ ಒಂದೇ ಕಡೆಯ ಆಳವಾದ ಸವೆತ ಹೆಚ್ಚು ಅಪಾಯ, ಏಕೆಂದರೆ ಆ ತಂತುಗಳು ಎಲ್ಲಿಗೆ ಹೋಗುತ್ತವೆ ಎಂಬುದಕ್ಕೆ ನಕ್ಷೆ ಇದೆ. ಕಣ್ಣಿನಲ್ಲಿ ಎಲ್ಲ ತಲೆಕೆಳಗು. ಕೆಳಗಿನ ತಂತು ಸತ್ತರೆ ಮೇಲಿನ ನೋಟ ಹೋಗುತ್ತದೆ. ಅಟ್ಟದ ಮೇಲಿನ ಡಬ್ಬಿ, ತಲೆಗೆ ತಾಗುವ ಕೊಂಬೆ, ಬಸ್ಸಿನ ಬೋರ್ಡು ತಪ್ಪಿಹೋಗುತ್ತವೆ. ಮೇಲಿನ ತಂತು ಹೋದರೆ ಕೆಳಗಿನ ನೋಟಕ್ಕೆ ಕತ್ತರಿ: ಮೆಟ್ಟಿಲು, ಹೊಸ್ತಿಲು, ಚರಂಡಿಯ ಅಂಚು. ಏಳು ಗಂಟೆಯ ಸವೆತ ಕಂಡ ಮೇಲೆ ಮುಂದಿನ ಫೀಲ್ಡ್ ಟೆಸ್ಟಿನಲ್ಲಿ ಮೇಲ್ಭಾಗದ ಕಮಾನಿನ ಆಕಾರದ ಜಾಗವನ್ನೇ ಮೊದಲು ನೋಡುತ್ತೇವೆ. ಅಲ್ಲಿ ಎರಡು ಮೂರು ಬಿಂದುಗಳು ಆಗಲೇ ಮಂಕಾಗುತ್ತಿದ್ದರೆ, ಚಿತ್ರ ಹೇಳಿದ್ದನ್ನು ನೋಟವೂ ಹೇಳಿತು.

ಈ ಇಳಿಜಾರಿಗೂ ದೃಷ್ಟಿಗೂ ಇರುವ ನಂಟನ್ನು ಅಳೆದಿದ್ದಾರೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಗ್ಲಾಕೋಮಾ ಶಂಕೆಯಿರುವ ಕಣ್ಣುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದೆ ಫೀಲ್ಡ್ ಕಳೆದುಕೊಂಡ ಕಣ್ಣುಗಳು ವರ್ಷಕ್ಕೆ ಸರಾಸರಿ 2.02 ಮೈಕ್ರಾನ್ ಇಳಿದಿದ್ದವು, ಕಳೆದುಕೊಳ್ಳದವು 0.82. ಇಳಿತ ವರ್ಷಕ್ಕೆ ಒಂದು ಮೈಕ್ರಾನ್ ಹೆಚ್ಚಾದಂತೆ ಅಪಾಯ ಎರಡು ಪಟ್ಟು. ನಮ್ಮ ಉದಾಹರಣೆಯ ಕಣ್ಣು ಯಾವ ಗುಂಪಿನ ಕಡೆ ವಾಲುತ್ತಿದೆ ಎಂದು ಹೇಳಬೇಕಿಲ್ಲ. ಸಿರಸ್‌ನಲ್ಲಿ ಸರಾಸರಿ 75 ಮೈಕ್ರಾನ್ ಆಸುಪಾಸಿಗೆ ಬರುವವರೆಗೆ ಫೀಲ್ಡ್ ಹೆಚ್ಚು ಅಲುಗದೆ ನಿಂತು, ಅದರ ಕೆಳಗೆ ಇಳಿದಾಗ ಜಾರತೊಡಗುತ್ತದೆ ಎಂದು 2012ರ ಇನ್ನೊಂದು ಅಧ್ಯಯನ ಹೇಳುತ್ತದೆ. 78ರಲ್ಲಿರುವ, ವರ್ಷಕ್ಕೆ ಎರಡು ಇಳಿಯುವ ಕಣ್ಣಿಗೆ ಆ ಹೊಸ್ತಿಲು ಒಂದೂವರೆ ವರ್ಷದಾಚೆ ಇದೆ. ಎಲ್ಲ ಕಣ್ಣೂ 75ಕ್ಕೇ ಜಾರಬೇಕೆಂದೇನಿಲ್ಲ, ಆದರೆ ಹನಿ ಬದಲಿಸಬೇಕೇ, ಲೇಸರ್ ಮಾಡಬೇಕೇ ಎಂದು ಡಾಕ್ಟರು ಯೋಚಿಸುವ ಕಾಲ ಅದು. ಒತ್ತಡ ಒಂದು ಮಿಲಿಮೀಟರ್ ಪಾದರಸದಷ್ಟು ಇಳಿದರೂ ಕಾಯಿಲೆ ಮುಂದುವರಿಯುವ ಅಪಾಯ ಶೇ. 10ರಷ್ಟು ಕಡಿಮೆಯಾಗುತ್ತದೆ ಎಂದು ಸ್ವೀಡನ್ನಿನ ಅಧ್ಯಯನ ತೋರಿಸಿದೆ. ಇಳಿಜಾರನ್ನು ಬಗ್ಗಿಸಲು ಬರುತ್ತದೆ ಎನ್ನುವುದಕ್ಕೇ ಅದನ್ನು ಅಳೆಯುವುದು.

"ಇನ್ನೆಷ್ಟು ವರ್ಷ" ಎನ್ನುವ ಪ್ರಶ್ನೆಗೆ ಉತ್ತರ ಫೀಲ್ಡ್ ಟೆಸ್ಟಿನ ಇಳಿಜಾರಿನಿಂದ ಬರುತ್ತದೆ. ಆ ವರದಿಯ ಎಂಡಿ ಎಂಬ ಅಂಕಿ ಒಟ್ಟಾರೆ ಎಷ್ಟು ಡೆಸಿಬೆಲ್ ನಷ್ಟ ಎಂದು ಹೇಳುತ್ತದೆ. ಸೊನ್ನೆಯ ಆಸುಪಾಸು ಸರಿ, ಮೈನಸ್ 22 ಎಂದರೆ ಓಡಾಟಕ್ಕೂ ಕಷ್ಟವಾಗುವ ಕುರುಡು. 62 ವರ್ಷದವರೊಬ್ಬರು ಮೈನಸ್ 3ರಲ್ಲಿ ಇದ್ದಾರೆ ಎನ್ನಿ. ವರ್ಷಕ್ಕೆ ಅರ್ಧ ಡೆಸಿಬೆಲ್ ಇಳಿದರೆ ಮೈನಸ್ 22 ತಲುಪಲು 38 ವರ್ಷ, ಅಂದರೆ ನೂರನೇ ವಯಸ್ಸು. ವರ್ಷಕ್ಕೆ ಒಂದೂವರೆ ಇಳಿದರೆ ಹದಿಮೂರು ವರ್ಷಕ್ಕೂ ಕಡಿಮೆ, ಎಪ್ಪತ್ತೈದು ದಾಟುವ ಮೊದಲು. ಇಬ್ಬರ ಇವತ್ತಿನ ವರದಿಯೂ ಒಂದೇ ಥರ, ಬಣ್ಣವೂ ಒಂದೇ. ಬೇಗ ಇಳಿಯುವವರನ್ನು ಬೇಗ ಹಿಡಿಯಬೇಕಾದರೆ ಮೊದಲ ಎರಡು ವರ್ಷದಲ್ಲಿ ಆರು ಫೀಲ್ಡ್ ಟೆಸ್ಟ್ ಬೇಕು ಎಂಬುದು ತಜ್ಞರ ಲೆಕ್ಕ. ಆರು ಸಲ ಬರುವವರು ವಿರಳ, ಬರಲಿ ಎಂದು ಹೇಳುವವರೂ ವಿರಳ. ಕತ್ತಲೆ ಕೋಣೆಯಲ್ಲಿ ಒಂದು ಕಣ್ಣು ಮುಚ್ಚಿಕೊಂಡು, ಬಂತೋ ಇಲ್ಲವೋ ಎನ್ನುವ ಚುಕ್ಕಿಗೆ ಗುಂಡಿ ಒತ್ತುತ್ತಾ ಕೂರುವುದು ಯಾರಿಗೂ ಇಷ್ಟವಿಲ್ಲ. ಮೊದಲ ಟೆಸ್ಟ್ ಕಲಿಕೆಗೇ ಹೋಗುತ್ತದೆ. ಇಳಿಬಿದ್ದ ರೆಪ್ಪೆಗೆ ಟೇಪ್ ಹಚ್ಚದಿದ್ದರೆ ಮೇಲಿನ ನೋಟ ಹೋದಂತೆ ಬರುತ್ತದೆ. ಓಸಿಟಿಯ ಇಳಿಜಾರು ಸಹಾಯಕ್ಕೆ ಬರುವುದು ಇಲ್ಲೇ.

ಒಂದು ಮಾತು ಓಸಿಟಿಯ ವಿರುದ್ಧವೂ ಹೇಳಬೇಕು. ಡಿಸ್ಕಿನ ಅಂಚಿನಲ್ಲಿ ಕೆಲವೊಮ್ಮೆ ಉಗುರು ಗೀರಿದಷ್ಟು ಸಣ್ಣ ರಕ್ತದ ಗೆರೆ ಕಾಣಿಸಿಕೊಂಡು ಕೆಲವು ವಾರಗಳಲ್ಲಿ ಮಾಯವಾಗುತ್ತದೆ. ಕಾಯಿಲೆ ಮುಂದುವರಿಯುತ್ತಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಎಚ್ಚರಿಕೆ ಕಡಿಮೆ. ಓಸಿಟಿಯ ದಪ್ಪದ ವರದಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಬಣ್ಣದ ಫೋಟೋದಲ್ಲಿ ಮಾತ್ರ ಸಿಗುತ್ತದೆ, ಅದೂ ಚಿತ್ರವನ್ನು ದೊಡ್ಡದು ಮಾಡಿ ಹುಡುಕಿದರೆ. ಓಸಿಟಿ ಬಂದಮೇಲೆ ಡಿಸ್ಕ್ ಫೋಟೋ ನಿಲ್ಲಿಸಿದ ಕಡೆಗಳಲ್ಲಿ ಈ ಎಚ್ಚರಿಕೆ ಕೈತಪ್ಪುತ್ತಿದೆ ಎಂಬುದು ನಮ್ಮ ತಕರಾರು.

ಫೋಟೋದ ಮಾತು ಬಂದಾಗ ಈಗ ಎಐ ಮಾತು ಬರದೆ ಇರದು. ಅಮೆರಿಕದಲ್ಲಿ 1994ರಿಂದ ನಡೆದ ಓಎಚ್‌ಟಿಎಸ್ ಅಧ್ಯಯನದಲ್ಲಿ ಒತ್ತಡ ಹೆಚ್ಚಿದ್ದು ಕಾಯಿಲೆ ಇರದ 1,636 ಜನರನ್ನು ವರ್ಷಗಟ್ಟಲೆ ನೋಡಿದ್ದರು. ಅದರಿಂದ ಹುಟ್ಟಿದ ಲೆಕ್ಕಸೂತ್ರ ಈಗಲೂ ಬಳಕೆಯಲ್ಲಿದೆ: ವಯಸ್ಸು, ಒತ್ತಡ, ಕಾರ್ನಿಯಾದ ದಪ್ಪ, ಡಿಸ್ಕಿನ ನಡುವಿನ ಕುಳಿಯಾದ ಕಪ್‌ನ ಅನುಪಾತ, ಫೀಲ್ಡಿನ ಒಂದು ಅಂಕಿ ತುಂಬಿದರೆ ಐದು ವರ್ಷದ ಅಪಾಯ ಶೇಕಡಾ ಎಷ್ಟು ಎಂದು ಹೇಳುತ್ತದೆ. ಅದೇ ಜನರ 66,721 ಡಿಸ್ಕ್ ಫೋಟೋಗಳಿಂದ ಕಂಪ್ಯೂಟರಿಗೆ ಕಲಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಯಿಲೆ ಬಂದ ಮೇಲಿನ ಫೋಟೋದಲ್ಲಿ ಅದರ ಅಂಕ 0.95. ಬರುವುದಕ್ಕೆ ಒಂದರಿಂದ ಮೂರು ವರ್ಷ ಮೊದಲಿನ ಫೋಟೋದಲ್ಲಿ 0.88, ನಾಲ್ಕರಿಂದ ಏಳು ವರ್ಷ ಮೊದಲಿನದರಲ್ಲಿ 0.77. ಮುಂದೆ ಕಾಯಿಲೆ ಬರುವ ಒಂದು ಕಣ್ಣು, ಬಾರದ ಒಂದು ಕಣ್ಣು ಕೊಟ್ಟರೆ ನೂರರಲ್ಲಿ 77 ಸಲ ಸರಿಯಾದದ್ದನ್ನು ಆರಿಸುತ್ತದೆ ಎಂದರ್ಥ. ನಾಣ್ಯ ಚಿಮ್ಮಿದರೆ 50. ದೂರ ನೋಡಿದಷ್ಟೂ ಮಂಜು.

2019ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಫೆಲಿಪೆ ಮೆಡೈರೋಸ್ ತಂಡ ಇನ್ನೊಂದು ಜಾಣ ದಾರಿ ಹಿಡಿಯಿತು: ಫೋಟೋ ತೋರಿಸಿ, ಅದೇ ಕಣ್ಣಿನ ಓಸಿಟಿ ದಪ್ಪ ಎಷ್ಟಿರಬಹುದು ಎಂದು ಕಂಪ್ಯೂಟರಿಗೆ ಊಹಿಸಲು ಕಲಿಸಿದರು. ಸರಾಸರಿ ತಪ್ಪು ಸುಮಾರು 7 ಮೈಕ್ರಾನ್. ಓಸಿಟಿ ಇಲ್ಲದ ಊರಿನಲ್ಲಿ ಯಾರನ್ನು ಜಿಲ್ಲಾಸ್ಪತ್ರೆಗೆ ಕಳಿಸಬೇಕು ಎಂದು ಆರಿಸಲು ಇದು ದೊಡ್ಡ ಸಹಾಯ. ಬೆಂಗಳೂರಿನ ಫೋರಸ್ ಹೆಲ್ತ್, ರೆಮಿಡಿಯೋ ಕಂಪನಿಗಳು ಮಾಡುವಂಥ ಸಣ್ಣ ಕ್ಯಾಮೆರಾಗಳನ್ನು ಕ್ಯಾಂಪಿಗೆ ಹೊತ್ತೊಯ್ಯಬಹುದಾದ್ದರಿಂದ ಆ ದಾರಿ ನಮಗೆ ಹತ್ತಿರದ್ದು. ಆದರೆ ವರ್ಷಕ್ಕೆ ಎರಡು ಮೈಕ್ರಾನ್ ಇಳಿತ ಹಿಡಿಯಬೇಕಾದಲ್ಲಿ ಏಳು ಮೈಕ್ರಾನ್ ತಪ್ಪುವ ಒಂದು ಊಹೆಯಿಂದ ಅಕ್ಕಿ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದಂತಾಗುತ್ತದೆ. ಅದೂ ಅಲ್ಲದೆ, ಬಲಿತ ಪೊರೆ (ಕ್ಯಾಟರಾಕ್ಟ್) ಇರುವ ಕಣ್ಣಿನ ಫೋಟೋ ಎಐಗೂ ಮಂಜೇ.

ಲಂಡನ್ನಿನಲ್ಲಿ ಫ್ರಾನ್ಸೆಸ್ಕಾ ಕಾರ್ಡೀರೋ ತಂಡದ ಡಾರ್ಕ್ ವಿಧಾನ ಇವೆಲ್ಲಕ್ಕಿಂತ ಬೇರೆ. ಸಾಯುತ್ತಿರುವ ಕೋಶಗಳಿಗೆ ಅಂಟುವ ಅನೆಕ್ಸಿನ್ ಎಂಬ ಪ್ರೋಟೀನಿಗೆ ಹೊಳೆಯುವ ಬಣ್ಣ ಕಟ್ಟಿ ರಕ್ತನಾಳಕ್ಕೆ ಚುಚ್ಚುತ್ತಾರೆ, ರೆಟಿನಾದ ಫೋಟೋದಲ್ಲಿ ಆ ಕೋಶಗಳು ಬಿಳಿ ಚುಕ್ಕಿಗಳಾಗಿ ಮಿನುಗುತ್ತವೆ. ಮೊದಲ ಹಂತದ ಪರೀಕ್ಷೆ 2017ರಲ್ಲಿ ಪ್ರಕಟವಾಯಿತು. ಆಮೇಲೆ ಚುಕ್ಕಿ ಎಣಿಸಲು ಎಐ ಬಳಸಿ, 18 ತಿಂಗಳ ನಂತರ ಯಾರ ಕಾಯಿಲೆ ಮುಂದುವರಿಯುತ್ತದೆ ಎಂದು ಮೊದಲೇ ಹೇಳಿದರು. ಓಸಿಟಿ ಎಣಿಸುವುದು ಸತ್ತವರನ್ನು, ಇದು ಸಾಯುತ್ತಿರುವವರನ್ನು. ದಿನನಿತ್ಯದ ತಪಾಸಣೆಗೆ ಇನ್ನೂ ಬಂದಿಲ್ಲ. ಪರೀಕ್ಷೆಗಳಲ್ಲಿ ಭಾಗವಹಿಸಿದವರ ಸಂಖ್ಯೆಯೂ ಸಣ್ಣದು.

ಅಲ್ಲಿಯವರೆಗೆ ಇರುವ ಯಂತ್ರದಿಂದಲೇ ಕೆಲಸ ನಡೆಯಬೇಕು. ಅದಕ್ಕೆ ರೋಗಿಗಳ ಕೈಯಲ್ಲಿರುವ ಒಂದು ಕೆಲಸವಿದೆ: ಯಂತ್ರ ಬದಲಿಸದಿರುವುದು. ಸಿರಸ್‌ನ 80, ಸ್ಪೆಕ್ಟ್ರಾಲಿಸ್‌ನ 80 ಒಂದೇ ಅಲ್ಲ. ವೃತ್ತದ ಅಳತೆ ಬೇರೆ, ಗೆರೆ ಎಳೆಯುವ ಬಗೆ ಬೇರೆ. ಈ ಆಸ್ಪತ್ರೆಯಲ್ಲಿ 88, ಆರು ತಿಂಗಳ ಮೇಲೆ ಇನ್ನೊಂದರಲ್ಲಿ 81 ಬಂತೆಂದು ಅಳುತ್ತಾ ಬರುವವರ ಕೈಯಲ್ಲಿ ಬೇರೆ ಬೇರೆ ಯಂತ್ರದ ವರದಿ ಇರುತ್ತದೆ. ಮಗನ ಊರು ಬದಲಾಗಿ ಆಸ್ಪತ್ರೆ ಬದಲಿಸಲೇಬೇಕಾದರೆ ಅದೇ ಕಂಪನಿಯ ಯಂತ್ರ ಎಲ್ಲಿದೆ ಎಂದು ಕೇಳಿ, ಹಳೆಯ ಎಲ್ಲ ವರದಿ ಒಯ್ಯಿರಿ, ಹೊಸ ಜಾಗದಲ್ಲಿ ಬುನಾದಿಯ ಎರಡು ಸ್ಕ್ಯಾನ್ ತಡಮಾಡದೆ ಮುಗಿಸಿ. ಪೊರೆ ಆಪರೇಷನ್ ಆದ ಮೇಲೂ ಹೊಸ ಬುನಾದಿ ಬೇಕು. ಮಸೂರ ತಿಳಿಯಾಗಿ ಸಿಗ್ನಲ್ ಏರಿ, ಪದರ ಕೆಲವು ಮೈಕ್ರಾನ್ ದಪ್ಪವಾದಂತೆ ತೋರುತ್ತದೆ. ನರ ಚಿಗುರಿತು ಎಂದು ಖುಷಿಪಡುವಂತಿಲ್ಲ. ಹಳೆಯ ಬುನಾದಿಯನ್ನೇ ಇಟ್ಟುಕೊಂಡರೆ ಆ ಸುಳ್ಳು ಏರಿಕೆಯೊಳಗೆ ಮುಂದಿನ ಮೂರು ವರ್ಷದ ನಿಜವಾದ ಇಳಿತ ಮುಚ್ಚಿಹೋಗುತ್ತದೆ.

ಕೊನೆಗೆ ಓಸಿಟಿಯ ಮಾತು ನಿಲ್ಲುವ ಜಾಗವೊಂದಿದೆ. ಸರಾಸರಿ 55 ಮೈಕ್ರಾನ್ ಆಸುಪಾಸಿಗೆ ಬಂದ ಮೇಲೆ ಅದು ಅಲ್ಲೇ ನಿಲ್ಲುತ್ತದೆ. ತಂತುಗಳು ಹೋದರೂ ಅವುಗಳ ನಡುವಿನ ಪೋಷಕ ಅಂಗಾಂಶ ಮತ್ತು ರಕ್ತನಾಳ ಉಳಿದು ಅಷ್ಟು ದಪ್ಪ ತೋರಿಸುತ್ತವೆ. ವರ್ಷ ವರ್ಷ 55, 56, 55 ಎಂದು ಬರುತ್ತದೆ, ಗ್ರಾಫ್ ಸಮ, ಕಾಯಿಲೆ ನಿಂತಿದೆ ಎಂಬ ಭ್ರಮೆ. ಆ ಕಣ್ಣಿಗೆ ಮತ್ತೆ ಮತ್ತೆ ಡಿಸ್ಕ್ ಸ್ಕ್ಯಾನ್ ಬರೆಯುವುದು ದುಡ್ಡು ದಂಡ. ರೂಢಿಯ 24-2 ಫೀಲ್ಡಿನಲ್ಲಿ ಬಿಂದುಗಳು ಆರಾರು ಡಿಗ್ರಿ ದೂರ ಇರುವುದರಿಂದ ಉಳಿದ ಪುಟ್ಟ ನಡುನೋಟದಲ್ಲಿ ಬೀಳುವುದು ಬೆರಳೆಣಿಕೆಯಷ್ಟೇ. 10-2 ಎಂಬ ಇನ್ನೊಂದು ಬಗೆಯಲ್ಲಿ ಅದೇ ನಡುಭಾಗದಲ್ಲಿ ಎರಡೆರಡು ಡಿಗ್ರಿಗೆ ಒಂದರಂತೆ 68 ಬಿಂದುಗಳಿವೆ. ಅನ್ನದ ತಟ್ಟೆಯಲ್ಲಿನ ಕಲ್ಲು, ಔಷಧಿ ಚೀಟಿಯ ಅಕ್ಷರ, ಮೊಮ್ಮಗುವಿನ ಮುಖ ಇರುವುದು ಆ 68 ಬಿಂದುಗಳೊಳಗೆ. ಅಂಥವರ ಫೈಲಿನ ಮೇಲೆ ನಾವು ಪೆನ್ಸಿಲ್‌ನಲ್ಲಿ "10-2, ನಾಲ್ಕು ತಿಂಗಳಿಗೆ" ಎಂದು ಬರೆದು ಫೀಲ್ಡ್ ಕೋಣೆಗೆ ಕಳಿಸುತ್ತೇವೆ.